ಓದುಗರ ಪ್ರಶ್ನೆ: ಚಿತ್ರದಲ್ಲಿರುವ ಈ ನೊಣ ಯಾವುದು?

ಪರಾವಲಂಬಿ ನೊಣಗಳ ಚಿತ್ರಗಳನ್ನು ಕಳುಹಿಸಿ ಹೆಸರು ಕೇಳಿದ ಪತ್ರಗಳು ಈ ಬಾರಿ ಹೆಚ್ಚಾಗಿ ಬಂದಿವೆ. ಅವುಗಳಲ್ಲಿ ಇತರರಿಗೂ ಉಪಯೋಗವಾಗಬಹುದಾದ ಕೆಲವನ್ನು ಇಲ್ಲಿ ಉತ್ತರಕ್ಕೆ ಆಯ್ದುಕೊಳ್ಳಲಾಗಿದೆ. ಬೇರೊಂದು ಕೀಟದ ಅಥವಾ ಪ್ರಾಣಿಯ ಮೈಯೊಳಗೋ ಮೈಮೇಲೋ ಬದುಕಿ ಅದರಿಂದಲೇ ಆಹಾರ ಪಡೆಯುವ ನೊಣಗಳನ್ನು ಪರಾವಲಂಬಿ ಎಂದೂ, ಅದಕ್ಕೆ ಸಿಕ್ಕಿಬಿದ್ದ ಜೀವಿಯನ್ನು ಆಶ್ರಯ ಜೀವಿ ಎಂದೂ ಈ ಉತ್ತರಗಳಲ್ಲಿ ಕರೆದಿದ್ದೇವೆ.

ಪ್ರಶ್ನೆ: ನಮ್ಮ ರೇಷ್ಮೆ ಹುಳು ಸಾಕುವ ಮನೆಯ ಗೋಡೆಯ ಮೇಲೆ ಕುಳಿತಿದ್ದ ನೊಣದ ಚಿತ್ರವನ್ನು ಲಗತ್ತಿಸಿದ್ದೇನೆ. ಬೆನ್ನಿನ ಮೇಲೆ ನಾಲ್ಕು ಕಪ್ಪು ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ರೇಷ್ಮೆ ಹುಳುವಿನ ಪರಾವಲಂಬಿಯಾದ ಊಜಿ ನೊಣಕ್ಕೆ ನಾಲ್ಕು ಗೆರೆಗಳಿರುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಪಕ್ಕದ ತೋಟದವರು ಇದು ಬರೀ ಮನೆ ನೊಣ ಎನ್ನುತ್ತಾರೆ. ಯಾರ ಮಾತು ಸರಿ? (ರೇಷ್ಮೆ ಬೆಳೆಗಾರರು, ರಾಮನಗರ ಜಿಲ್ಲೆ)

ಉತ್ತರ: ಪಕ್ಕದ ತೋಟದವರ ಮಾತು ಸರಿ. ತರಬೇತಿಯಲ್ಲಿ ಹೇಳಿದ್ದೂ ತಪ್ಪಲ್ಲ, ಆದರೆ ಅದು ಪೂರ್ತಿಯಾಗಿರಲಿಲ್ಲ. ಊಜಿ ನೊಣದ ಎದೆಭಾಗದ ಮೇಲೆ ನಾಲ್ಕು ಗೆರೆಗಳಿರುವಂತೆಯೇ ಮನೆ ನೊಣದ ಎದೆಯ ಮೇಲೂ ನಾಲ್ಕು ಗೆರೆಗಳಿರುತ್ತವೆ. ಮಾಂಸದ ಮೇಲೆ ಕೂರುವ ಬೂದು ಬಣ್ಣದ ದೊಡ್ಡ ನೊಣಕ್ಕೆ ಮೂರು ಗೆರೆಗಳು, ಹೊಟ್ಟೆಯ ಮೇಲೆ ಚದುರಂಗದ ಹಾಸಿನಂತಹ ಚೌಕಳಿ. ಆದ್ದರಿಂದ ಗೆರೆಗಳನ್ನು ಎಣಿಸಿ ಮಾಂಸದ ನೊಣವನ್ನು ಪಕ್ಕಕ್ಕಿಡಬಹುದೇ ಹೊರತು ಊಜಿಯನ್ನೂ ಮನೆ ನೊಣವನ್ನೂ ಬೇರ್ಪಡಿಸಲು ಆಗುವುದಿಲ್ಲ.

ನಿಮ್ಮ ಚಿತ್ರದಲ್ಲಿ ನೊಣದ ಪಕ್ಕದಲ್ಲಿಯೇ ಒಂದು ಬೆಂಕಿಕಡ್ಡಿ ಬಿದ್ದಿರುವುದು ನಮಗೆ ಬಹಳ ಅನುಕೂಲವಾಯಿತು. ಕಡ್ಡಿಯ ದಪ್ಪ ಸುಮಾರು 2 ಮಿ.ಮೀ. ಎಂದು ಹಿಡಿದರೆ ನೊಣದ ಉದ್ದ 6ರಿಂದ 7 ಮಿ.ಮೀ. ಆಗುತ್ತದೆ. ಊಜಿ ನೊಣ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇರುತ್ತದೆ. ಆದರೆ ಗಾತ್ರವನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ಆಶ್ರಯ ಹುಳುವಿನ ಮೈಯಲ್ಲಿ ಸಾಕಷ್ಟು ಆಹಾರ ಸಿಗದೆ ಬೆಳೆದ ಪರಾವಲಂಬಿ ನೊಣ ಕುಳ್ಳಾಗಿಯೇ ಹೊರಬರುತ್ತದೆ. ಹಾಗಾಗಿ ಚಿತ್ರವನ್ನು ಹಿಗ್ಗಿಸಿ ತಲೆಯ ಮುಂಭಾಗವನ್ನು ನೋಡಿದೆವು. ನೊಣದ ಕುಡಿಮೀಸೆ ತೀರಾ ಗಿಡ್ಡ, ಅದರ ಪಕ್ಕದಿಂದ ಒಂದು ಸಣ್ಣ ಎಳೆ ಹೊರಟಿರುತ್ತದೆ. ನಿಮ್ಮ ನೊಣದ ಎಡಗಡೆಯ ಎಳೆಯಲ್ಲಿ ಎರಡೂ ಬದಿಗೆ ಕೂದಲುಗಳಿದ್ದು, ಹಕ್ಕಿಯ ಗರಿಯ ತುಣುಕಿನಂತೆ ಕಾಣುತ್ತದೆ. ಇದು ಮನೆ ನೊಣದ ಲಕ್ಷಣ. ಊಜಿಯಲ್ಲಿ ಆ ಎಳೆ ಬೋಳಾಗಿರುತ್ತದೆ. ಜೊತೆಗೆ ನಿಮ್ಮ ನೊಣದ ಹೊಟ್ಟೆಯ ಬದಿಗಳು ಹಳದಿಯಾಗಿವೆ, ಹಿಂತುದಿಯಲ್ಲಿ ಗಟ್ಟಿಯಾದ ಬಿರುಗೂದಲುಗಳಿಲ್ಲ. ಊಜಿಯ ಹೊಟ್ಟೆ ಹಿಂದಕ್ಕೆ ಚೂಪಾಗುತ್ತ ಹೋಗಿ, ಕಪ್ಪು ಮತ್ತು ಬೂದು ಪಟ್ಟಿಗಳ ಮೇಲೆ ಮುಳ್ಳಿನಂತಹ ಕೂದಲುಗಳು ಎದ್ದು ನಿಂತಿರುತ್ತವೆ.

ಮುಂದೆ ಅನುಮಾನ ಬಂದರೆ ದಯವಿಟ್ಟು ನೊಣವನ್ನು ಪಕ್ಕದಿಂದ ತೆಗೆಯಿರಿ. ಊಜಿ ನೊಣ ಟ್ಯಾಕಿನಿಡೆ ಎಂಬ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಈವರೆಗೆ 8,500ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿರುವ ಈ ಕುಟುಂಬದ ನೊಣಗಳಿಗೆಲ್ಲ ಒಂದು ಗುರುತು ಇದೆ: ಎದೆಭಾಗದ ಹಿಂತುದಿಯಲ್ಲಿರುವ ತ್ರಿಕೋನಾಕಾರದ ಬಿಲ್ಲೆಯ ಕೆಳಗೆ ಇನ್ನೊಂದು ದಿಂಡು ಉಬ್ಬಿ ನಿಂತಿರುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಎಂದಿಗೂ ಕಾಣುವುದಿಲ್ಲ. ಪಕ್ಕದಿಂದ ತೆಗೆದರೆ, ರೆಕ್ಕೆ ಅಡ್ಡ ಬರದಿದ್ದರೆ, ಸಾಧಾರಣ ಮೊಬೈಲಿನ ಚಿತ್ರದಲ್ಲಿಯೂ ಒಂದರ ಕೆಳಗೊಂದು ಎರಡು ಉಬ್ಬುಗಳು ತೋರುತ್ತವೆ. ರೆಕ್ಕೆಯ ನಡುವಿನ ನರ ತುದಿಯ ಬಳಿ ಮುಂದಕ್ಕೆ ಬಾಗಿರುವುದನ್ನು ಕೆಲವರು ಊಜಿಯ ಗುರುತೆಂದು ಹೇಳುತ್ತಾರೆ. ಆ ಬಾಗು ಮನೆ ನೊಣದಲ್ಲಿಯೂ ಇದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಆದರೂ ನಮ್ಮ ಅಭಿಪ್ರಾಯದಲ್ಲಿ ರೇಷ್ಮೆ ಬೆಳೆಗಾರರು ಗೋಡೆಯ ನೊಣಕ್ಕಿಂತ ತಟ್ಟೆಯಲ್ಲಿರುವ ಹುಳುವಿನ ಚಿತ್ರ ತೆಗೆಯುವುದೇ ಹೆಚ್ಚು ಉಪಯುಕ್ತ. ಊಜಿ ತನ್ನ ಮೊಟ್ಟೆಯನ್ನು ರೇಷ್ಮೆ ಹುಳುವಿನ ಚರ್ಮದ ಮೇಲೆ ಅಂಟಿಸುತ್ತದೆ. ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಕೆನೆಬಿಳಿ ಬಣ್ಣದ ಆ ಮೊಟ್ಟೆ ಎರಡು ಮೂರು ದಿನಗಳಲ್ಲಿ ಒಡೆದು, ಒಳಗಿನ ಊಜಿ ಮರಿಯು ರೇಷ್ಮೆ ಹುಳುವಿನ ಮೈಗೆ ತೂತು ಕೊರೆದು ಇಳಿಯುತ್ತದೆ. ಇಳಿದ ಜಾಗದಲ್ಲಿ ಒಂದು ಕಪ್ಪು ಕಲೆ ಉಳಿಯುತ್ತದೆ. ಆ ಕಲೆಯೇ ಚಿತ್ರದಲ್ಲಿ ಹುಡುಕಬೇಕಾದ ಗುರುತು. ಮೈ ತುಂಬ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳಿದ್ದರೆ ಅದು ರೇಷ್ಮೆ ಹುಳುಗಳಿಗೆ ಬರುವ ಗಂಟು ರೋಗದ ಶಂಕೆಗೆ ಎಡೆ ಕೊಡುತ್ತದೆ, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ಒಂದೋ ಎರಡೋ ದಪ್ಪ ಕಲೆಗಳಿದ್ದರೆ ಊಜಿ ಎಂದು ತಿಳಿಯಬಹುದು. ಬೇಗ ಮೊಟ್ಟೆ ಬಿದ್ದ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಕೊನೆಯ ಜ್ವರ (ಪೊರೆ ಕಳಚುವಾಗಿನ ನಿದ್ದೆ) ಎದ್ದ ಮೇಲೆ ಮೊಟ್ಟೆ ಬಿದ್ದರೆ ಹುಳು ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ಚೌಕಟ್ಟಿಗೆ) ಏರಿ ಗೂಡನ್ನೂ ಕಟ್ಟಬಹುದು, ಆದರೆ ಒಳಗಿನ ಊಜಿ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬರುವುದರಿಂದ ಅಂತಹ ಗೂಡು ನೂಲು ಬಿಚ್ಚುವುದಕ್ಕೆ ಬಾರದು.

ಈ ನೊಣ ಕರ್ನಾಟಕದ ಹಳೆಯ ಪಿಡುಗಲ್ಲ. ಪಶ್ಚಿಮ ಬಂಗಾಳದ ರೇಷ್ಮೆ ಪ್ರದೇಶಗಳಲ್ಲಿ ಮೊದಲಿನಿಂದಲೂ ಇದ್ದ ಇದು 1980ರಲ್ಲಿ ಅಲ್ಲಿಂದ ಬಂದ ಗೂಡುಗಳ ಜೊತೆಗೆ ಇಲ್ಲಿಗೆ ಸೇರಿಕೊಂಡು, ದಕ್ಷಿಣದ ರೇಷ್ಮೆ ಪ್ರದೇಶಗಳಿಗೆಲ್ಲ ಹರಡಿತು. ಇನ್ನೊಂದು ಮಾತು: ನೀವು ಆರಿಸಿ ಡಬ್ಬಿಯಲ್ಲಿಟ್ಟ ಊಜಿ ಕೋಶಗಳಿಂದ (ಮರಿ ನೊಣವಾಗುವ ಮೊದಲು ಸೇರಿಕೊಳ್ಳುವ ಗಟ್ಟಿ ಚಿಪ್ಪುಗಳಿಂದ) ನೊಣದ ಬದಲು ಇರುವೆಗಿಂತ ಚಿಕ್ಕದಾದ ಕಪ್ಪು ಕೀಟಗಳು ಗುಂಪಾಗಿ ಹೊರಬಂದರೆ ಗಾಬರಿಯಾಗಬೇಡಿ, ಕೊಲ್ಲಲೂ ಬೇಡಿ. ಅವು ಬಹುಶಃ ಊಜಿ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ತಿಂದು ಮುಗಿಸುವ ಕಣಜಗಳು. ನೆಸೊಲಿಂಕ್ಸ್ ಥೈಮಸ್ ಎಂಬ ಇಂತಹ ಕಣಜವನ್ನು ಊಜಿಯ ಹತೋಟಿಗಾಗಿಯೇ ಸಾಕಿ ಹುಳು ಮನೆಗಳಲ್ಲಿ ಬಿಡುವ ಪದ್ಧತಿ ಇದೆ.

ಪ್ರಶ್ನೆ: ನಿಂಬೆ ಗಿಡದ ಪಕ್ಕದ ಬೇಲಿಯಲ್ಲಿ ಒಂದು ಕಂಬಳಿಹುಳುವಿನ ಬೆನ್ನ ಮೇಲೆ ಅಕ್ಕಿಕಾಳಿನಂತಹ ಬಿಳಿ ವಸ್ತುಗಳು ಸಾಲಾಗಿ ನಿಂತಿದ್ದವು. ಇವು ಪರಾವಲಂಬಿ ನೊಣದ ಮೊಟ್ಟೆಗಳೇ? ಇನ್ನೊಂದು ಹುಳುವನ್ನು ಬಾಟಲಿಯಲ್ಲಿಟ್ಟಾಗ ಅದರಿಂದ ಕಂದು ಬಣ್ಣದ ಕೋಶವೊಂದು ಬಂದು, ಹತ್ತು ಹನ್ನೆರಡು ದಿನಗಳ ಮೇಲೆ ಅದರಿಂದ ಮಾಸಲು ಬಣ್ಣದ, ಸುಕ್ಕು ರೆಕ್ಕೆಯ ನೊಣ ಹೊರಬಂತು. ಎರಡರ ಚಿತ್ರಗಳೂ ಇವೆ. (ಪದವಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಮೊದಲನೆಯದು ಮೊಟ್ಟೆಯೂ ಅಲ್ಲ, ನೊಣದ್ದೂ ಅಲ್ಲ. ಹಿಗ್ಗಿಸಿ ನೋಡಿದರೆ ಪ್ರತಿಯೊಂದು ಬಿಳಿ ಕಾಳಿನ ಮೇಲೂ ನೂಲಿನ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ. ಇವು ಬ್ರಕೊನಿಡೆ ಕುಟುಂಬದ ಸಣ್ಣ ಕಣಜಗಳ ಗೂಡುಗಳು. ಕಣಜದ ಮರಿಗಳು ಕಂಬಳಿಹುಳುವಿನ ಒಳಗೆ ಬೆಳೆದು, ಚರ್ಮವನ್ನು ಕೊರೆದು ಹೊರಬಂದು, ಅಲ್ಲಿಯೇ ನೂಲು ಸುತ್ತಿಕೊಂಡು ಕುಳಿತಿವೆ. ನೊಣದ ಮರಿ ಹೀಗೆ ಮಾಡುವುದಿಲ್ಲ. ಅದು ತನ್ನ ಕೊನೆಯ ಚರ್ಮವನ್ನೇ ಗಟ್ಟಿಯಾಗಿಸಿಕೊಂಡು ಕಂದು ಬಣ್ಣದ ಪೀಪಾಯಿಯಂತಹ ಕೋಶದೊಳಗೆ ಸೇರುತ್ತದೆ. ನೂಲಿನ ಗೂಡು ಕಂಡರೆ ಕಣಜದ ಕಡೆಗೆ, ನುಣುಪಾದ ಕಂದು ಕೋಶ ಕಂಡರೆ ನೊಣದ ಕಡೆಗೆ ಯೋಚಿಸುವುದು ಸಾಮಾನ್ಯವಾಗಿ ಸುರಕ್ಷಿತ.

ಎರಡನೆಯದು ಟ್ಯಾಕಿನಿಡೆ ಕುಟುಂಬದ ನೊಣವೇ ಸರಿ. ನೀವು ಖಾಲಿ ಕೋಶದ ಚಿತ್ರವನ್ನೂ ಕಳುಹಿಸಿದ್ದಕ್ಕಾಗಿ ನಿಮ್ಮನ್ನು ವಿಶೇಷವಾಗಿ ಅಭಿನಂದಿಸಬೇಕು, ಏಕೆಂದರೆ ಬಹುತೇಕರು ನೊಣ ಹೊರಬಂದ ಕೂಡಲೇ ಅದನ್ನು ಎಸೆದುಬಿಡುತ್ತಾರೆ. ಆ ಕೋಶದ ಒಂದು ತುದಿ ದುಂಡನೆಯ ಮುಚ್ಚಳದಂತೆ ನೇರವಾದ ಅಂಚಿನಲ್ಲಿ ಬಿಚ್ಚಿಕೊಂಡಿದೆ. ಹೊರಬರುವ ನೊಣ ಹಣೆಯ ಮೇಲಿನ ಒಂದು ಸೀಳಿನಿಂದ ಚಿಕ್ಕ ಚೀಲವನ್ನು ಉಬ್ಬಿಸಿ, ಅದರಿಂದ ಒತ್ತಿ ಒತ್ತಿ ಮುಚ್ಚಳವನ್ನು ಹಾರಿಸುತ್ತದೆ. ಕೋಶದ ಬದಿಯಲ್ಲಿ ಕಚ್ಚಿ ತೆಗೆದಂತಹ, ಒರಟು ಅಂಚಿನ ಸಣ್ಣ ತೂತು ಇದ್ದಿದ್ದರೆ, ಕೋಶ ನೊಣದ್ದೇ ಆಗಿದ್ದರೂ ಅದರಿಂದ ಹೊರಬಂದದ್ದು ಕಣಜ ಎಂದು ತಿಳಿಯಬೇಕಾಗಿತ್ತು. ಕೋಶದ ಇನ್ನೊಂದು ತುದಿಯಲ್ಲಿ ಉಸಿರಾಟದ ಎರಡು ಕಪ್ಪು ಬಿಲ್ಲೆಗಳಿವೆ. ಅವುಗಳ ಆಕಾರ ಮತ್ತು ಸೀಳುಗಳ ಜೋಡಣೆ ನೊಣದಿಂದ ನೊಣಕ್ಕೆ ಬೇರೆಯಾಗುವುದರಿಂದ ಆ ತುದಿಯನ್ನು ಹತ್ತಿರದಿಂದ ತೆಗೆದ ಚಿತ್ರಕ್ಕೆ ಬಹಳ ಬೆಲೆಯಿದೆ.

ಆದರೆ ನೊಣದ ಚಿತ್ರವನ್ನು ನೀವು ಸ್ವಲ್ಪ ಬೇಗ ತೆಗೆದಿದ್ದೀರಿ. ಆಗತಾನೆ ಹೊರಬಂದ ನೊಣದ ಬಣ್ಣ ಇನ್ನೂ ಬಂದಿರುವುದಿಲ್ಲ, ರೆಕ್ಕೆ ಬಿಚ್ಚಿಕೊಂಡಿರುವುದಿಲ್ಲ, ಹಣೆ ಉಬ್ಬಿಕೊಂಡು ಬೇರೆಯೇ ಜಾತಿಯಂತೆ ಕಾಣುತ್ತದೆ. ಕೆಲವು ಗಂಟೆ ಬಿಟ್ಟು, ಮೈ ಗಟ್ಟಿಯಾದ ಮೇಲೆ ತೆಗೆದಿದ್ದರೆ ಕುಲದ ಮಟ್ಟಕ್ಕಾದರೂ ಹೋಗಬಹುದಿತ್ತೇನೋ. ಸದ್ಯಕ್ಕೆ ಕುಟುಂಬದ ಹೆಸರಿಗೇ ನಿಲ್ಲಬೇಕಾಗಿದೆ. ಕಂಬಳಿಹುಳು ಯಾವುದು, ಯಾವ ಗಿಡದ ಎಲೆ ತಿನ್ನುತ್ತಿತ್ತು ಎಂಬುದನ್ನು ಮಾತ್ರ ಮರೆಯದೆ ಬರೆದಿಡಿ. ಆಶ್ರಯ ಹುಳುವಿನ ಹೆಸರಿಲ್ಲದ ಪರಾವಲಂಬಿಯ ದಾಖಲೆ ಅರ್ಧ ದಾಖಲೆ.

ಪ್ರಶ್ನೆ: ಗದ್ದೆಯ ಬದುವಿನಲ್ಲಿ ಭತ್ತದ ತೆನೆಗಳ ನಡುವೆ ಗಾಳಿಯಲ್ಲಿಯೇ ನಿಂತು ಹಾರುತ್ತಿದ್ದ ಪುಟ್ಟ ನೊಣದ ಚಿತ್ರ ಸಿಕ್ಕಿತು. ತಲೆ ಎಂದರೆ ಬರೀ ಕಣ್ಣು. ಮೊಬೈಲಿನ ಆ್ಯಪ್ ಒಂದು ಇದಕ್ಕೆ ಯುರೋಪಿನ ಪ್ರಭೇದವೊಂದರ ಹೆಸರು ಕೊಟ್ಟಿದೆ. ನಂಬಬಹುದೇ? (ಶಾಲಾ ಶಿಕ್ಷಕರು, ಮಂಡ್ಯ)

ಉತ್ತರ: ಆ್ಯಪ್ ಕೊಟ್ಟ ಕುಟುಂಬದ ಹೆಸರನ್ನು ನಂಬಬಹುದು, ಪ್ರಭೇದದ ಹೆಸರನ್ನು ನಂಬಬಾರದು. ಇದು ಪಿಪುಂಕ್ಯುಲಿಡೆ ಕುಟುಂಬದ ನೊಣ. ಹೆಚ್ಚುಕಡಿಮೆ ಗೋಲಿಯಂತಿರುವ ತಲೆ, ಅದನ್ನು ಪೂರ್ತಿ ಆವರಿಸಿದ ಕಣ್ಣುಗಳು, ಮೈಗಿಂತ ಉದ್ದವಾದ ರೆಕ್ಕೆಗಳು ಒಟ್ಟಿಗೆ ಕಂಡರೆ ಬೇರೆ ಕುಟುಂಬದ ಜೊತೆ ಗೊಂದಲ ಆಗುವುದು ಕಡಿಮೆ. ಹೂವಿನ ಮುಂದೆ ತೇಲಿ ನಿಲ್ಲುವ ಹಳದಿ ಪಟ್ಟೆಯ ನೊಣಗಳು ಇದರ ಹತ್ತಿರದ ನೆಂಟರು. ಆ ನಿಂತು ಹಾರುವ ಚಳಕ ಎರಡಕ್ಕೂ ಇದೆ. ಇದು ಗದ್ದೆಯಲ್ಲಿ ಸುಳಿದಾಡುವುದು ಜಿಗಿಹುಳುಗಳಿಗಾಗಿ. ಹೆಣ್ಣು ನೊಣ ಜಿಗಿಹುಳುವನ್ನು ಹಿಡಿದು ಅದರ ಮೈಗೆ ಮೊಟ್ಟೆಯನ್ನು ಚುಚ್ಚಿಬಿಡುತ್ತದೆ, ಮರಿ ಅದರ ಹೊಟ್ಟೆಯೊಳಗೆ ಬೆಳೆಯುತ್ತದೆ. ಭತ್ತದ ಹಸಿರು ಜಿಗಿಹುಳುವಿನ ಮೇಲೆ ಬದುಕುವ ಪ್ರಭೇದಗಳು ಏಷ್ಯಾದಲ್ಲಿ ಚೆನ್ನಾಗಿ ಗೊತ್ತಿವೆ. ಅಂದರೆ ಇದು ರೈತನ ಕಡೆಯ ನೊಣ.

ಆ್ಯಪ್ ವಿಚಾರಕ್ಕೆ ಬಂದರೆ, ಅದು ತನ್ನ ಬಳಿ ಇರುವ ಹೆಸರಿಟ್ಟ ಚಿತ್ರಗಳಿಗೆ ನಿಮ್ಮ ಚಿತ್ರವನ್ನು ಹೋಲಿಸಿ ಹೇಳುತ್ತದೆಯೇ ಹೊರತು ಲಕ್ಷಣಗಳನ್ನು ಪರೀಕ್ಷಿಸಿ ಹೇಳುವುದಿಲ್ಲ. ನಮ್ಮ ಪ್ರಭೇದ ಅದರ ಸಂಗ್ರಹದಲ್ಲಿಯೇ ಇಲ್ಲದಿದ್ದರೆ ಇದ್ದುದರಲ್ಲಿ ಹತ್ತಿರದ್ದನ್ನು ಆರಿಸಿ ಕೊಡುತ್ತದೆ, ಅದು ಮಂಡ್ಯಕ್ಕೆ ಎಂದೂ ಬಾರದ ನೊಣವಾಗಿರಬಹುದು. ಈ ಕುಟುಂಬದಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಗಂಡು ನೊಣದ ಜನನಾಂಗಗಳ ಆಕಾರದಿಂದ. ಅದಕ್ಕೆ ಮಾದರಿಯನ್ನು ಹಿಡಿದು, ತುದಿಯನ್ನು ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಇಲ್ಲವೇ ಮೈಟೊಕಾಂಡ್ರಿಯದ ಒಂದು ಜೀನಿನಿಂದ ಸುಮಾರು 658 ಅಕ್ಷರಗಳ ತುಂಡನ್ನು ಓದಿ ಹೋಲಿಸುವ ಡಿಎನ್‌ಎ ಬಾರ್‌ಕೋಡ್ ವಿಧಾನಕ್ಕೆ ಹೋಗಬೇಕು. ಎಷ್ಟೇ ದುಬಾರಿಯ ಕ್ಯಾಮೆರಾ ಆದರೂ ಈ ಎರಡರ ಕೆಲಸವನ್ನು ಮಾಡಲಾರದು. ಮಾದರಿ ಕೈಯಲ್ಲಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದಂತಹ ಸಂಸ್ಥೆಯನ್ನು ವಿಚಾರಿಸಬಹುದು. ಚಿತ್ರವೊಂದೇ ಇದ್ದರೆ ಶಾಲೆಯ ಫಲಕದಲ್ಲಿ ಕುಟುಂಬದ ಹೆಸರು ಬರೆದು ನಿಲ್ಲಿಸಿ. ಅದರಲ್ಲಿ ಕೊರತೆಯೇನೂ ಇಲ್ಲ.

ಪ್ರಶ್ನೆ: ಹೂವಿನ ಮೇಲೆ ಏಡಿ ಜೇಡವೊಂದು ಜೇನುನೊಣವನ್ನು ಹಿಡಿದಿತ್ತು. ಜೇನುನೊಣದ ಮೈಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ನೊಣಗಳು ಏಳೆಂಟು ಕುಳಿತಿದ್ದವು. ಜೇನುನೊಣದ ಒಳಗಿನಿಂದ ಹೊರಬಂದ ಪರಾವಲಂಬಿಗಳೇ ಇವು? (ಹವ್ಯಾಸಿ ಛಾಯಾಗ್ರಾಹಕರು, ಮೈಸೂರು)

ಉತ್ತರ: ಒಳಗಿನಿಂದ ಬಂದವಲ್ಲ, ಊಟಕ್ಕೆ ಬಂದವು. ಜೇಡ ಹಿಡಿದ ಬೇಟೆಯಿಂದ ಒಸರುವ ರಸವನ್ನು ಹೀರಲು ವಾಸನೆ ಹಿಡಿದು ಬರುವ ಈ ನೊಣಗಳು ಬಹುತೇಕ ಮಿಲಿಚಿಡೆ ಕುಟುಂಬದವು, ಸಾಮಾನ್ಯವಾಗಿ ಎಲ್ಲವೂ ಹೆಣ್ಣುಗಳು. ಕರೆಯದ ಊಟಕ್ಕೆ ಬಂದು ಕೂರುವ ಇವನ್ನು ಕಳ್ಳ ಪರಾವಲಂಬಿಗಳು ಎನ್ನಬಹುದು. ಜೇಡಕ್ಕೂ ಇವುಗಳಿಂದ ದೊಡ್ಡ ತೊಂದರೆಯಿಲ್ಲ. ಗಾಯಗೊಂಡ ಜೇನುನೊಣದ ವಾಸನೆಗೆ ಇವು ಎಷ್ಟು ಸೋಲುತ್ತವೆ ಎಂದರೆ, ದಕ್ಷಿಣ ಆಫ್ರಿಕಾದ ಸಿರೊಪೇಜಿಯಾ ಸ್ಯಾಂಡರ್ಸೋನಿ ಎಂಬ ಬಳ್ಳಿ ಅದೇ ವಾಸನೆಯನ್ನು ತನ್ನ ಹೂವಿನಲ್ಲಿ ತಯಾರಿಸಿ, ಈ ನೊಣಗಳನ್ನು ಒಳಗೆ ಕೆಡವಿ, ಪರಾಗಸ್ಪರ್ಶ ಮಾಡಿಸಿಕೊಂಡು ಬಿಡುತ್ತದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿಮ್ಮ ಚಿತ್ರದಲ್ಲಿ ನೊಣಗಳಿಗಿಂತ ಅವು ಕುಳಿತ ಜಾಗವೇ ಹೆಚ್ಚು ಹೇಳುತ್ತದೆ. ಚಿತ್ರವನ್ನು ಕತ್ತರಿಸಿ ನೊಣವನ್ನಷ್ಟೇ ಕಳುಹಿಸಿದ್ದರೆ ನಾವು ಏನೂ ಹೇಳುವಂತಿರಲಿಲ್ಲ.

ಪ್ರಶ್ನೆ: ನಮ್ಮ ತುಡುವೆ ಜೇನಿನ ಪೆಟ್ಟಿಗೆಯ ತಳದಲ್ಲಿ ಸತ್ತ ಜೇನುನೊಣಗಳ ನಡುವೆ ಗೂನು ಬೆನ್ನಿನ ಸಣ್ಣ ನೊಣಗಳು ಓಡಾಡುತ್ತಿವೆ. ಜೇನುನೊಣವನ್ನು ಕೊಲ್ಲುವ ಪರಾವಲಂಬಿ ನೊಣದ ಸುದ್ದಿಯನ್ನು ಓದಿದ್ದೆ. ಅದೇ ಇರಬಹುದೇ? (ಜೇನು ಸಾಕಣೆದಾರರು, ಕೊಡಗು)

ಉತ್ತರ: ನೀವು ಓದಿದ್ದು ಅಪೊಸಿಫಾಲಸ್ ಬೋರಿಯಾಲಿಸ್ ಎಂಬ ನೊಣದ ಸುದ್ದಿಯಾಗಿರಬೇಕು. ಅದು ಉತ್ತರ ಅಮೆರಿಕದ್ದು, ಜೇನುನೊಣಗಳ ಮೇಲೆ ಅದರ ದಾಳಿಯನ್ನು 2012ರಲ್ಲಿ ವರದಿ ಮಾಡಿದ್ದು ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತಲಿಂದ. ನಿಮ್ಮ ಚಿತ್ರದ ನೊಣವೂ ಅದೇ ಫೋರಿಡೆ ಕುಟುಂಬಕ್ಕೆ ಸೇರಿದೆ ಎಂಬುದು ನಿಜ: ಬೆನ್ನು ಗೂನು, ರೆಕ್ಕೆಯ ಮುಂದಂಚಿನಲ್ಲಿ ಒಂದೆರಡು ದಪ್ಪ ನರಗಳು, ಉಳಿದವು ಅಡ್ಡನರಗಳಿಲ್ಲದೆ ಓರೆಯಾಗಿ ಹರಿದ ತೆಳು ಗೆರೆಗಳು. ಆದರೆ ಈ ಕುಟುಂಬದಲ್ಲಿ ಕೊಳೆತದ್ದನ್ನು ತಿಂದು ಬದುಕುವ ನೊಣಗಳೂ ಧಾರಾಳವಾಗಿವೆ. ನಮ್ಮಲ್ಲಿ ಅಡುಗೆಮನೆಯ ಕಸದ ಬುಟ್ಟಿಯಿಂದ ಪ್ರಯೋಗಾಲಯದ ಕೀಟಪೆಟ್ಟಿಗೆಯವರೆಗೆ ಎಲ್ಲಿ ಬೇಕಾದರೂ ನುಗ್ಗುವ ಮೆಗಾಸೇಲಿಯಾ ಸ್ಕೇಲಾರಿಸ್ ಅಂಥದ್ದೇ ಒಂದು. ಸತ್ತ ಜೇನುನೊಣಗಳ ರಾಶಿಯಲ್ಲಿ ಅದು ಕಂಡರೆ ಸಾವಿಗೆ ಅದೇ ಕಾರಣ ಎಂದಾಗುವುದಿಲ್ಲ, ಸಾವಾದ ಮೇಲೆ ಬಂದಿರುವ ಸಾಧ್ಯತೆಯೇ ಹೆಚ್ಚು.

ಇದನ್ನು ಚಿತ್ರದಿಂದ ತೀರ್ಮಾನಿಸಲಾಗದು. ಪೆಟ್ಟಿಗೆಯಿಂದ ಜೀವಂತವಾಗಿರುವ, ಆದರೆ ಹಾರಲಾರದೆ ತೆವಳುವ ಕೆಲವು ಜೇನುನೊಣಗಳನ್ನು ಒಂದೊಂದಾಗಿ ಬೇರೆ ಬೇರೆ ಶುದ್ಧ ಸೀಸೆಗಳಲ್ಲಿಟ್ಟು, ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ, ಎರಡು ವಾರ ನೋಡಿ. ಹೊರಗಿನ ನೊಣ ಮುಟ್ಟಲಾಗದ ಸೀಸೆಯಲ್ಲಿ ಮರಿಗಳು ಕಾಣಿಸಿಕೊಂಡರೆ ಆಗ ಪರಾವಲಂಬಿಯ ಮಾತಾಡಬಹುದು. ಅಷ್ಟರೊಳಗೆ ಎರಿಯಲ್ಲಿ ಜೇನಿನ ಮರಿಗಳು ಸತ್ತು ನೀರಿನ ಚೀಲದಂತಾಗಿವೆಯೇ ಎಂದು ನೋಡುವುದು ಹೆಚ್ಚು ತುರ್ತಿನ ಕೆಲಸ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಜೇನುಗೂಡುಗಳನ್ನು ಹಾಳುಗೆಡವಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು ಅದು.

ಪ್ರಶ್ನೆ: ನನ್ನ ಬಳಿ ದುಬಾರಿ ಕ್ಯಾಮೆರಾ ಇಲ್ಲ. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಮಸೂರ ಮಾತ್ರ ಇದೆ. ಗುರುತಿಸಲು ಬರುವಂತೆ ನೊಣದ ಚಿತ್ರ ತೆಗೆಯುವುದು ಹೇಗೆ? (ಓದುಗರು, ಧಾರವಾಡ)

ಉತ್ತರ: ಆ ಮಸೂರ ಸಾಕು. ಒಂದೇ ಸುಂದರ ಚಿತ್ರಕ್ಕಿಂತ ನಾಲ್ಕು ಸಾಧಾರಣ ಚಿತ್ರಗಳು ಹೆಚ್ಚು ಕೆಲಸಕ್ಕೆ ಬರುತ್ತವೆ: ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖ ನೇರವಾಗಿ ಕಾಣುವಂತೆ ಒಂದು, ರೆಕ್ಕೆಯ ನರಗಳು ಕಾಣುವಂತೆ ಒಂದು. ನೊಣವನ್ನು ಹಿಡಿಯಲು ಅಡ್ಡಿಯಿಲ್ಲದಿದ್ದರೆ ಚಿಕ್ಕ ಸೀಸೆಯಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ ಕೆಲವು ನಿಮಿಷ ಇಡಿ. ತಣ್ಣಗಾದ ನೊಣ ಸ್ವಲ್ಪ ಹೊತ್ತು ಅಲುಗಾಡದೆ ಕೂರುತ್ತದೆ, ಆಮೇಲೆ ಹಾರಿಹೋಗುತ್ತದೆ. ಬಿಳಿ ಕಾಗದದ ಮೇಲೆ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ನೇರ ಫ್ಲ್ಯಾಷ್ ಬಿದ್ದರೆ ರೆಕ್ಕೆ ಮಿನುಗಿ ನರಗಳು ಮಾಯವಾಗುತ್ತವೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ತಾರೀಖು, ಊರು, ಗಿಡ ಅಥವಾ ಆಶ್ರಯ ಜೀವಿಯ ಹೆಸರನ್ನು ಅದೇ ಕಾಗದದ ಮೇಲೆ ಬರೆದು ಚಿತ್ರದೊಳಗೇ ಸೇರಿಸಿದರೆ ಮುಂದೆ ಹುಡುಕಾಡುವ ತಾಪತ್ರಯ ಇರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಬಿರುಗೂದಲುಗಳೆಲ್ಲ ದಾರಿಯಲ್ಲಿಯೇ ಕರಗಿಹೋಗುತ್ತವೆ.

ಹೆಸರು ಹುಡುಕುವ ಮೊದಲು ಅದು ನೊಣವೇ ಎಂದು ಖಚಿತಪಡಿಸಿಕೊಳ್ಳಿ. ಕಣಜಕ್ಕೆ ನಾಲ್ಕು ರೆಕ್ಕೆಗಳಿದ್ದರೂ ಹಿಂದಿನವು ಮುಂದಿನವುಗಳಿಗೆ ಕೊಂಡಿಯಂತೆ ಸಿಕ್ಕಿಕೊಂಡಿರುವುದರಿಂದ ಚಿತ್ರದಲ್ಲಿ ಎರಡೇ ಕಾಣಬಹುದು. ಕುಡಿಮೀಸೆ ಉದ್ದವಾಗಿ ಹಲವು ಗೆಣ್ಣುಗಳಿಂದ ಕೂಡಿದ್ದು, ಸೊಂಟ ಸಣ್ಣಗಿದ್ದರೆ ಬಹುಮಟ್ಟಿಗೆ ಕಣಜ. ರೆಕ್ಕೆಯ ಹಿಂದೆ ಗುಂಡುತಲೆಯ ಪುಟ್ಟ ಕಡ್ಡಿಯೊಂದು ಚಾಚಿಕೊಂಡಿದ್ದರೆ ಅದು ನೊಣ.

ಪ್ರಶ್ನೆ: ಸಾಕಿದ ಪಾರಿವಾಳವನ್ನು ಕೈಯಲ್ಲಿ ಹಿಡಿದಾಗ ಗರಿಗಳ ನಡುವಿನಿಂದ ಚಪ್ಪಟೆ ನೊಣವೊಂದು ಏಡಿಯಂತೆ ಅಡ್ಡಡ್ಡ ಓಡಿ ತೋಳಿಗೆ ಹತ್ತಿತು. ಚಿತ್ರ ಮಸುಕಾಗಿದೆ. ಹೇಳಬಹುದೇ? (ಓದುಗರು, ಕಲಬುರಗಿ)

ಉತ್ತರ: ಮಸುಕಾದರೂ ಹೇಳಬಹುದು, ಏಕೆಂದರೆ ಆಶ್ರಯ ಜೀವಿ ಯಾವುದೆಂದು ನೀವೇ ಬರೆದಿದ್ದೀರಿ. ಪಾರಿವಾಳದ ಮೇಲೆ ಸಿಗುವ ಚಪ್ಪಟೆ ಮೈಯ, ಕೊಕ್ಕೆಯಂತಹ ಉಗುರುಗಳ, ರೆಕ್ಕೆಯಿರುವ ಈ ನೊಣ ಹಿಪ್ಪೊಬೊಸಿಡೆ ಕುಟುಂಬದ ಸ್ಯೂಡೊಲಿಂಕಿಯಾ ಕೆನರಿಯೆನ್ಸಿಸ್ ಆಗಿರುವ ಸಂಭವವೇ ಹೆಚ್ಚು. ಹಸು ಮತ್ತು ನಾಯಿಗಳ ಮೈಮೇಲೆ ಕಾಣುವ ಚಪ್ಪಟೆ ನೊಣಗಳು ಇದೇ ಕುಟುಂಬದ ಬೇರೆ ಪ್ರಭೇದಗಳು. ಇದು ರಕ್ತ ಹೀರುತ್ತದೆ, ಪಾರಿವಾಳಗಳಿಗೆ ಮಲೇರಿಯಾವನ್ನು ಹೋಲುವ ಹೀಮೊಪ್ರೋಟಿಯಸ್ ಎಂಬ ರೋಗಾಣುವನ್ನು ಹರಡುತ್ತದೆ. ಮೊಟ್ಟೆಯಿಡದೆ, ಪೂರ್ತಿ ಬೆಳೆದ ಮರಿಯನ್ನೇ ಒಂದೊಂದಾಗಿ ಹೆರುತ್ತದೆ. ಆ ಮರಿ ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗಿ ಹೊಳೆಯುವ ಬೀಜದಂತಹ ಕೋಶವಾಗುತ್ತದೆ. ಗೂಡಿನ ಹಾಸನ್ನು ತೆಗೆದು ಬಿಳಿ ಹಾಳೆಯ ಮೇಲೆ ಕೊಡವಿದರೆ ಆ ಕೋಶಗಳು ಸಿಗುತ್ತವೆ. ಹಳೆಯ ಹಾಸನ್ನು ಸುಟ್ಟು, ಗೂಡನ್ನು ಆಗಾಗ ಸ್ವಚ್ಛ ಮಾಡುತ್ತಿರಿ. ಮರಿ ಪಾರಿವಾಳಗಳಿದ್ದರೆ ಔಷಧಿಯ ವಿಷಯದಲ್ಲಿ ಪಶುವೈದ್ಯರನ್ನು ಕೇಳದೆ ಏನನ್ನೂ ಸಿಂಪಡಿಸಬೇಡಿ.